ಯಾರಿಗೂ ಗೊತ್ತಿಲ್ಲದ ವೈರಸ್ ದಾನಿಗಳ ರಕ್ತದಲ್ಲಿ ಸಿಕ್ಕಿದ್ದು ಹೇಗೆ?

ರಕ್ತದಾನ ಮಾಡಿ ಬಂದ ಕೆಲವರಿಗೆ ಸ್ವಲ್ಪ ದಿನದಲ್ಲೇ ಬ್ಲಡ್ ಬ್ಯಾಂಕಿನಿಂದ ಫೋನ್ ಬರುತ್ತದೆ. ‘ನಿಮ್ಮ ಒಂದು ಟೆಸ್ಟ್ ರಿಯಾಕ್ಟಿವ್ ಬಂದಿದೆ, ಒಮ್ಮೆ ಬಂದು ಹೋಗಿ’ ಅನ್ನುತ್ತಾರೆ. ಹೋಗಿ ನೋಡಿದರೆ ಚೀಟಿಯಲ್ಲಿ ‘ಎಚ್‌ಬಿಎಸ್‌ಎಜಿ’ ಎಂದು ಬರೆದಿರುತ್ತದೆ. ಜ್ವರವಿಲ್ಲ, ಕಾಮಾಲೆಯಿಲ್ಲ, ಊಟ ನಿದ್ದೆ ಎಲ್ಲ ಸರಿಯಾಗಿದೆ. ಹಾಗಿದ್ದೂ ರಕ್ತದಲ್ಲಿ ಏನೋ ಇದೆ ಅಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ.

ನಮ್ಮ ದೇಶದಲ್ಲಿ ದಾನಿಗಳಿಂದ ಪಡೆದ ಪ್ರತಿ ಚೀಲ ರಕ್ತಕ್ಕೂ ಐದು ಪರೀಕ್ಷೆ ಕಡ್ಡಾಯ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಚೀಟಿಯಲ್ಲಿರುವ ಎಚ್‌ಬಿಎಸ್‌ಎಜಿ ಅನ್ನುವುದು ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈಯಲ್ಲಿರುವ ಒಂದು ಪ್ರೋಟೀನು. ಇವತ್ತು ಅದನ್ನು ಹುಡುಕುವುದು ಸುಲಭ. ಏನನ್ನು ಹುಡುಕಬೇಕು ಅಂತ ಗೊತ್ತಿದೆಯಲ್ಲ! ಆದರೆ 1960ರ ದಶಕದ ಶುರುವಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಹೆಸರಿಲ್ಲದ, ರೂಪ ಗೊತ್ತಿಲ್ಲದ, ಇದೆಯೋ ಇಲ್ಲವೋ ಅನ್ನುವುದೂ ತಿಳಿಯದ ವಸ್ತುವನ್ನು ರಕ್ತದಲ್ಲಿ ಹುಡುಕುವುದು ಹೇಗೆ?

ಮೊದಲು ಎರಡು ಪದ

ವೈರಸ್, ಬ್ಯಾಕ್ಟೀರಿಯಾ, ಬೇರೆಯವರ ರಕ್ತದ ಪ್ರೋಟೀನು, ಹೀಗೆ ಹೊರಗಿನ ಏನೇ ಮೈಯೊಳಗೆ ಬಂದರೂ ದೇಹ ಅದನ್ನು ‘ಇದು ನನ್ನದಲ್ಲ’ ಎಂದು ಗುರುತಿಸುತ್ತದೆ. ಹಾಗೆ ಗುರುತಿಗೆ ಸಿಗುವ ವಸ್ತುವೇ ಆಂಟಿಜೆನ್. ಅದನ್ನು ಹಿಡಿದುಕೊಳ್ಳಲು ದೇಹ ತಾನೇ ತಯಾರಿಸುವ ಪ್ರೋಟೀನು ಆಂಟಿಬಾಡಿ, ಅಂದರೆ ಪ್ರತಿಕಾಯ. ಒಂದು ಆಂಟಿಜೆನ್ ವಿರುದ್ಧ ಹುಟ್ಟಿದ ಪ್ರತಿಕಾಯ ಅದನ್ನೇ ಹುಡುಕಿ ಹಿಡಿಯುತ್ತದೆ, ಬೇರೆಯದರ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಕಾಯಿಲೆ ವಾಸಿಯಾದ ಮೇಲೂ ಈ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು.

ಗೊತ್ತಿಲ್ಲದ ವೈರಸ್ಸನ್ನು ಹಿಡಿಯುವ ಉಪಾಯ ಇಲ್ಲೇ ಇದೆ. ಊರಲ್ಲಿ ಕಳ್ಳತನವಾಗಿದೆ ಎಂದುಕೊಳ್ಳಿ. ಕಳ್ಳನ ಹೆಸರು ಪೊಲೀಸರಿಗೆ ಗೊತ್ತಿಲ್ಲ, ಫೋಟೋ ಕೂಡ ಇಲ್ಲ. ಆದರೆ ಅವನನ್ನು ಕಣ್ಣಾರೆ ಕಂಡ ಸಾಕ್ಷಿ ಒಬ್ಬರಿದ್ದಾರೆ. ಅವರಿಗೂ ಹೆಸರು ಗೊತ್ತಿಲ್ಲ. ಆದರೆ ಹತ್ತಾರು ಜನರನ್ನು ಎದುರಿಗೆ ನಿಲ್ಲಿಸಿದರೆ ‘ಇವನೇ’ ಎಂದು ಬೆರಳು ತೋರಿಸುತ್ತಾರೆ. ವೈರಸ್ಸಿನ ವಿಷಯದಲ್ಲಿ ಆ ಸಾಕ್ಷಿ ಅಂದರೆ ಒಮ್ಮೆ ಅದಕ್ಕೆ ಎದುರಾದ ಮನುಷ್ಯನ ರಕ್ತ. ವಿಜ್ಞಾನಿಗೆ ಗೊತ್ತಿಲ್ಲದಿದ್ದರೂ ರೋಗಿಯ ದೇಹಕ್ಕೆ ಗೊತ್ತಿರುತ್ತದೆ.

ಪದೇ ಪದೇ ರಕ್ತ ಹಾಕಿಸಿಕೊಂಡವರು

ಹಾಗಾದರೆ ಅಂಥ ಸಾಕ್ಷಿ ಎಲ್ಲಿ ಸಿಗುತ್ತಾರೆ? ಅಮೆರಿಕದ ವೈದ್ಯ ಬರೂಚ್ ಬ್ಲಂಬರ್ಗ್ ಇದಕ್ಕೆ ಉತ್ತರ ಕಂಡುಕೊಂಡರು. ಅವರು ವೈರಸ್ ಹುಡುಕಲು ಹೊರಟವರೇ ಅಲ್ಲ ಅನ್ನುವುದನ್ನು ಇಲ್ಲಿ ನೆನಪಿಡಬೇಕು. 1950ರಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ, ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿದ್ದರು. ಅಲ್ಲಿ ಒಂದೇ ಊರಿನಲ್ಲಿ, ಅದೇ ಸೊಳ್ಳೆಗಳ ನಡುವೆ ಬದುಕುವ ಬೇರೆ ಬೇರೆ ಮೂಲದ ಜನರಲ್ಲಿ ಆನೆಕಾಲು ರೋಗದ ಸೋಂಕು ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಒಬ್ಬರಿಗೆ ಬರುವ ರೋಗ ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ? ಹುಟ್ಟಿನಿಂದ ಬಂದ ವ್ಯತ್ಯಾಸ ರಕ್ತದ ಪ್ರೋಟೀನುಗಳಲ್ಲೇ ಇದೆಯಾ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ನೈಜೀರಿಯಾ, ಅಲಾಸ್ಕ ಸೇರಿ ಅನೇಕ ಕಡೆಯ ಜನರ ರಕ್ತದ ಮಾದರಿ ಕಲೆಹಾಕಿದರು.

ಅವರ ತರ್ಕ ಸರಳವಾಗಿತ್ತು. ಹಿಮೋಫಿಲಿಯಾ ಇರುವವರಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಆ ಕಾಲದಲ್ಲಿ ಅವರಿಗೆ ಇನ್ನೊಬ್ಬರ ರಕ್ತ, ಪ್ಲಾಸ್ಮಾ ಕೊಡುವುದೇ ಚಿಕಿತ್ಸೆ. ಹೀಗೆ ನೂರಾರು ಅಪರಿಚಿತರ ರಕ್ತ ಒಬ್ಬರ ಮೈಗೆ ಸೇರಿರುತ್ತದೆ. ಆ ಅಪರಿಚಿತರ ಪ್ರೋಟೀನುಗಳಲ್ಲಿ ತನ್ನಲ್ಲಿಲ್ಲದ್ದು ಯಾವುದಿದ್ದರೂ ರೋಗಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿಟ್ಟುಕೊಂಡಿರುತ್ತದೆ. ಅಂದಮೇಲೆ ಅವರ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು, ಲೋಕದ ನಾನಾ ಭಾಗದ ಜನರ ಸೀರಮ್ಮಿಗೆ ಎದುರಾಗಿಟ್ಟರೆ ಯಾರಲ್ಲಿ ಏನು ಬೇರೆಯಿದೆ ಅನ್ನುವುದು ಕಾಣಬೇಕು, ಅಲ್ವಾ?

ಲೋಳೆಯ ಮೇಲೆ ಒಂದು ಗೆರೆ

ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ಗಾಜಿನ ಮೇಲೆ ಅಗರ್ ಅನ್ನುವ ಲೋಳೆಯನ್ನು ತೆಳ್ಳಗೆ ಹರಡುತ್ತಾರೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುವುದು, ಪುಡ್ಡಿಂಗ್ ಗಟ್ಟಿಯಾಗಲು ಹಾಕುವುದು ಇದನ್ನೇ. ಅದು ತಣಿದು ಗಟ್ಟಿಯಾದ ಮೇಲೆ ಪುಟ್ಟ ಪುಟ್ಟ ಗುಳಿಗಳನ್ನು ಕೊರೆಯುತ್ತಾರೆ. ನಡುವಿನ ಗುಳಿಗೆ ರೋಗಿಯ ಸೀರಮ್, ಸುತ್ತಲಿನ ಗುಳಿಗಳಿಗೆ ಬೇರೆ ಬೇರೆ ಜನರ ಸೀರಮ್. ಆಮೇಲೆ ಕಾಯುವುದು. ಎರಡೂ ಕಡೆಯ ದ್ರವ ಲೋಳೆಯೊಳಗೆ ನಿಧಾನವಾಗಿ ಹರಡುತ್ತಾ ಹೋಗುತ್ತದೆ. ಪ್ರತಿಕಾಯಕ್ಕೆ ಅದರ ಆಂಟಿಜೆನ್ ಎದುರಾದರೆ ಎರಡೂ ಅಂಟಿಕೊಂಡು ಅಲ್ಲೇ ನಿಂತುಬಿಡುತ್ತವೆ. ಎರಡು ಗುಳಿಗಳ ನಡುವೆ ತೆಳುವಾದ ಬಿಳಿ ಗೆರೆ ಮೂಡುತ್ತದೆ. ಎದುರಾಗದಿದ್ದರೆ ಲೋಳೆ ಇದ್ದ ಹಾಗೇ ತಿಳಿಯಾಗಿರುತ್ತದೆ.

ಇದೇ ವಿಧಾನದಲ್ಲಿ ಬ್ಲಂಬರ್ಗ್ ಮತ್ತು ಆಂಟನಿ ಆಲಿಸನ್ ಮೊದಲು ರಕ್ತದ ಕೊಬ್ಬು ಹೊರುವ ಪ್ರೋಟೀನಿನಲ್ಲಿ ಮನುಷ್ಯರಿಂದ ಮನುಷ್ಯರಿಗೆ ಇರುವ ವ್ಯತ್ಯಾಸವನ್ನು ಪತ್ತೆ ಮಾಡಿದ್ದರು. ಕೊಬ್ಬಿಗೆ ಹತ್ತುವ ಬಣ್ಣ ಹಾಕಿದರೆ ಆ ಗೆರೆಗಳು ನೀಲಿಯಾಗುತ್ತಿದ್ದವು.

1963ರಲ್ಲಿ ಬಂದ ಗೆರೆ ಬೇರೆ ಥರದ್ದು. ಆಗ ಬ್ಲಂಬರ್ಗ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದರು. ಅಲ್ಲಿನ ಬ್ಲಡ್ ಬ್ಯಾಂಕಿನ ಯುವ ವೈದ್ಯ ಹಾರ್ವಿ ಆಲ್ಟರ್ ಜೊತೆಗೂಡಿದ್ದರು. ನ್ಯೂಯಾರ್ಕಿನ ಒಬ್ಬ ಹಿಮೋಫಿಲಿಯಾ ರೋಗಿಯ ಸೀರಮ್ಮನ್ನು 24 ಜನರ ಸೀರಮ್ಮಿಗೆ ಎದುರಿಟ್ಟರು. 23ರಲ್ಲಿ ಏನೂ ಇಲ್ಲ. ಒಂದರಲ್ಲಿ ಮಾತ್ರ ಗೆರೆ. ಅದು ಆಸ್ಟ್ರೇಲಿಯಾದ ಮೂಲನಿವಾಸಿ ಒಬ್ಬರ ಸೀರಮ್. ಕೊಬ್ಬಿನ ಬಣ್ಣ ಈ ಗೆರೆಗೆ ಸರಿಯಾಗಿ ಹತ್ತಲಿಲ್ಲ. ಪ್ರೋಟೀನಿನ ಬಣ್ಣ ಹಾಕಿದಾಗ ಕೆಂಪಾಯಿತು. ನ್ಯೂಯಾರ್ಕಿನ ರೋಗಿಯ ದೇಹ ಭೂಮಿಯ ಆ ತುದಿಯಲ್ಲಿರುವ ಒಬ್ಬರ ರಕ್ತದಲ್ಲಿರುವ ಏನನ್ನೋ ಮೊದಲೇ ಕಂಡಿತ್ತು! ಆ ‘ಏನೋ’ಗೆ ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರಿಟ್ಟು, 1965ರಲ್ಲಿ ಪ್ರಕಟಿಸಿದರು.

ಇದು ಯಾರದ್ದು?

ಗೆರೆಯೇನೋ ಸಿಕ್ಕಿತು. ಆದರೆ ಅದು ಏನು ಅಂತ ತಿಳಿಯಲು ಇನ್ನೂ ನಾಲ್ಕೈದು ವರ್ಷ ಹಿಡಿಯಿತು. ಈ ಭಾಗ ನನಗೆ ಇಡೀ ಕಥೆಯಲ್ಲೇ ಹೆಚ್ಚು ಮುಖ್ಯ ಅನ್ನಿಸುತ್ತದೆ, ಏಕೆಂದರೆ ಅನುಮಾನ ಮೊದಲು ತಪ್ಪು ದಾರಿ ಹಿಡಿದಿತ್ತು.

ಸಾವಿರಾರು ಜನರ ಮಾದರಿಗಳನ್ನು ಪರೀಕ್ಷಿಸಿದಾಗ ಆರೋಗ್ಯವಂತ ಅಮೆರಿಕನ್ನರಲ್ಲಿ ಈ ಆಂಟಿಜೆನ್ ಸಾವಿರಕ್ಕೊಬ್ಬರಲ್ಲಿ ಸಿಗುವಷ್ಟು ಅಪರೂಪ. ಏಷ್ಯಾದ, ಪೆಸಿಫಿಕ್ ದ್ವೀಪಗಳ ಕೆಲವು ಜನರಲ್ಲಿ ಜಾಸ್ತಿ. ರಕ್ತದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇತ್ತು. ಹಾಗಾಗಿ ಇದು ರಕ್ತದ ಕ್ಯಾನ್ಸರಿನ ಗುರುತೇ ಇರಬಹುದು ಅನ್ನಿಸಿತು. ನಿಜವಾದ ಕಾರಣ ಬೇರೆ. ಆ ರೋಗಿಗಳಿಗೆ ಪದೇ ಪದೇ ರಕ್ತ ಕೊಡುತ್ತಿದ್ದರು, ಅವರ ರೋಗನಿರೋಧಕ ಶಕ್ತಿಯೂ ಕುಂದಿತ್ತು. ವೈರಸ್ ರಕ್ತದ ಮೂಲಕವೇ ಬಂದು ಅವರಲ್ಲಿ ನೆಲೆ ನಿಂತಿತ್ತು.

ಡೌನ್ ಸಿಂಡ್ರೋಮ್ ಇರುವವರಿಗೆ ರಕ್ತದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ಅವರ ರಕ್ತವನ್ನೂ ನೋಡಿದರು. ದೊಡ್ಡ ಆಶ್ರಯಧಾಮಗಳಲ್ಲಿ ಒಟ್ಟಿಗೆ ಇದ್ದವರಲ್ಲಿ ಈ ಆಂಟಿಜೆನ್ ಬಹಳ ಕಂಡಿತು. 1966ರಲ್ಲಿ ಅವರಲ್ಲಿ ಒಬ್ಬರ ಫಲಿತಾಂಶ ಎಲ್ಲರ ಗಮನ ಸೆಳೆಯಿತು. ಮೊದಲ ಪರೀಕ್ಷೆಯಲ್ಲಿ ಇಲ್ಲದ ಆಂಟಿಜೆನ್ ಎರಡನೇ ಸಲ ಕಾಣಿಸಿಕೊಂಡಿತ್ತು. ಹುಟ್ಟಿನಿಂದ ಬಂದ ಪ್ರೋಟೀನಾದರೆ ನಡುವೆ ಹುಟ್ಟಿಕೊಳ್ಳುವ ಹಾಗಿಲ್ಲ. ಲಿವರ್ ಪರೀಕ್ಷೆ ಮಾಡಿದಾಗ ಅವರಿಗೆ ಹೆಪಟೈಟಿಸ್, ಅಂದರೆ ಯಕೃತ್ತಿನ ಊತ, ಆಗಿರುವುದು ತಿಳಿಯಿತು.

ಮರುವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ. ಅಷ್ಟರಲ್ಲಿ ಬ್ಲಂಬರ್ಗ್ ಫಿಲಡೆಲ್ಫಿಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಬಂದಿದ್ದರು. ಅವರ ಪ್ರಯೋಗಾಲಯದಲ್ಲಿ ಈ ಆಂಟಿಜೆನ್ನನ್ನು ಬೇರ್ಪಡಿಸುವ ಕೆಲಸ ಮಾಡುತ್ತಿದ್ದ ತಂತ್ರಜ್ಞೆಗೆ ಮೈ ಸರಿಯಿರಲಿಲ್ಲ. ಮೂತ್ರದ ಬಣ್ಣ ಗಾಢವಾಗಿತ್ತು. ಅವರು ತಮ್ಮದೇ ರಕ್ತವನ್ನು ತಾವೇ ಲೋಳೆಯ ಪರೀಕ್ಷೆಗೆ ಇಟ್ಟರು. ಮರುದಿನ ಬೆಳಗ್ಗೆ ಮಸುಕಾದ ಒಂದು ಗೆರೆ ಕಂಡಿತು. ಆಮೇಲೆ ಕಾಮಾಲೆ ಬಂತು. ಅವರು ಪೂರ್ತಿ ಗುಣವಾದರು. ಈ ಪರೀಕ್ಷೆಯಿಂದ ಪತ್ತೆಯಾದ ಮೊದಲ ಹೆಪಟೈಟಿಸ್ ಅವರದೇ.

1968ರಲ್ಲಿ ಟೋಕಿಯೋದ ಕಝುವೊ ಒಕೊಚಿ ಮತ್ತು ನ್ಯೂಯಾರ್ಕಿನ ಆಲ್‌ಫ್ರೆಡ್ ಪ್ರಿನ್ಸ್ ತಂತಮ್ಮ ಅಧ್ಯಯನಗಳಿಂದ ಇದನ್ನು ಗಟ್ಟಿ ಮಾಡಿದರು. ಒಕೊಚಿ ನೋಡಿದ್ದು ನೇರ ಪ್ರಶ್ನೆ: ಈ ಆಂಟಿಜೆನ್ ಇರುವ ದಾನಿಯ ರಕ್ತ ಪಡೆದವರಿಗೆ ಮುಂದೆ ಏನಾಗುತ್ತದೆ? ಕೆಲವರಿಗೆ ಹೆಪಟೈಟಿಸ್ ಬಂತು, ಕೆಲವರಲ್ಲಿ ಪ್ರತಿಕಾಯ ಹುಟ್ಟಿತು. ನ್ಯೂಯಾರ್ಕಿನ ಆ ಹಿಮೋಫಿಲಿಯಾ ರೋಗಿಯಲ್ಲಿ ಏನಾಗಿತ್ತು ಅನ್ನುವುದು ಈಗ ಅರ್ಥವಾಯಿತು. ಅವರಿಗೆ ಕೊಟ್ಟ ರಕ್ತದಲ್ಲಿ ಎಲ್ಲೋ ಈ ವೈರಸ್ ಇತ್ತು. ದೇಹ ಅದನ್ನು ಎದುರಿಸಿ ಪ್ರತಿಕಾಯ ಉಳಿಸಿಕೊಂಡಿತ್ತು. ಆಸ್ಟ್ರೇಲಿಯಾ ಆಂಟಿಜೆನ್ ಅಂದರೆ ಇವತ್ತಿನ ಚೀಟಿಯಲ್ಲಿರುವ ಎಚ್‌ಬಿಎಸ್‌ಎಜಿಯೇ.

ಅಷ್ಟು ಸುಲಭಕ್ಕೆ ಕಂಡದ್ದು ಯಾಕೆ?

ವೈರಸ್ ಕಣ್ಣಿಗೆ ಕಾಣದಷ್ಟು ಚಿಕ್ಕದು. ಒಂದು ತುಂಡು ಲೋಳೆಯಲ್ಲಿ ಬರಿಗಣ್ಣಿಗೆ ಗೆರೆ ಕಾಣಬೇಕಾದರೆ ಆಂಟಿಜೆನ್ ರಾಶಿರಾಶಿ ಇರಬೇಕು. ಹೆಪಟೈಟಿಸ್ ಬಿ ವೈರಸ್ಸಿನ ವಿಚಿತ್ರ ಗುಣವೇ ಅದು. ತನ್ನ ಹೊರಕವಚದ ಪ್ರೋಟೀನನ್ನು ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. 22 ನ್ಯಾನೋಮೀಟರ್ ಗಾತ್ರದ ಈ ಟೊಳ್ಳು ಕಣಗಳಲ್ಲಿ ವೈರಸ್ಸಿನ ವಂಶವಾಹಿ ಇರುವುದಿಲ್ಲ. ಇವು ರೋಗ ತರಲಾರವು. 1970ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 42 ನ್ಯಾನೋಮೀಟರಿನ ಪೂರ್ಣ ವೈರಸ್ಸನ್ನೇ ನೋಡಿದರು.

ಟೊಳ್ಳು ಕಣ ರೋಗ ತರುವುದಿಲ್ಲ, ಆದರೆ ದೇಹಕ್ಕೆ ವೈರಸ್ಸಿನ ಗುರುತು ಕಲಿಸುತ್ತದೆ. ಹಾಗಾದರೆ ಅದೇ ಲಸಿಕೆ! ಬ್ಲಂಬರ್ಗ್ ಮತ್ತು ಅರ್ವಿಂಗ್ ಮಿಲ್‌ಮನ್ 1969ರಲ್ಲೇ ಈ ಉಪಾಯ ಮುಂದಿಟ್ಟರು. ಸೋಂಕಿತರ ರಕ್ತದಿಂದ ಕಣಗಳನ್ನು ಬೇರ್ಪಡಿಸಿ ಶುದ್ಧಮಾಡಿದ ಲಸಿಕೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1986ರಿಂದ ರಕ್ತದ ಹಂಗೇ ಬೇಡವಾಯಿತು. ಆ ಪ್ರೋಟೀನಿನ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದರೆ ಯೀಸ್ಟೇ ಪ್ರೋಟೀನು ಮಾಡಿಕೊಡುತ್ತದೆ. ಇದೇ ಬಗೆಯ ಲಸಿಕೆಯನ್ನು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ನಮ್ಮಲ್ಲೇ ತಯಾರಿಸಿತು. ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು.

ಲೆಕ್ಕಕ್ಕೆ ಸಿಗದ ಒಂದು ಮಾದರಿ

ಹೆಪಟೈಟಿಸ್ ಬಿ ಪರೀಕ್ಷೆ ಎಲ್ಲ ಕಡೆ ಶುರುವಾದ ಮೇಲೆ ಇನ್ನೊಂದು ವೈರಸ್ ಅನಾಯಾಸವಾಗಿ ಕೈಗೆ ಸಿಕ್ಕಿತು. 1975ರಲ್ಲಿ ಲಂಡನ್ನಿನಲ್ಲಿ ಇವೋನ್ ಕೊಸಾರ್ಟ್ ಎಂಬ ವೈರಸ್ ತಜ್ಞೆ ಪರೀಕ್ಷೆಗಳನ್ನು ಹೋಲಿಸಿ ನೋಡುತ್ತಿದ್ದರು. ಆರೋಗ್ಯವಂತ ದಾನಿಗಳ ಕೆಲವು ಮಾದರಿಗಳು ಮನುಷ್ಯರ ಸೀರಮ್ ಬಳಸಿದರೆ ‘ಇದೆ’ ಅನ್ನುತ್ತಿದ್ದವು. ಪ್ರಾಣಿಗಳಲ್ಲಿ ಬೆಳೆಸಿದ ಪ್ರತಿಕಾಯ ಬಳಸಿದರೆ ‘ಇಲ್ಲ’ ಅನ್ನುತ್ತಿದ್ದವು. ಸುಮ್ನೆ ಪರೀಕ್ಷೆಯ ದೋಷ ಎಂದು ಅದನ್ನು ಪಕ್ಕಕ್ಕಿಡಬಹುದಿತ್ತು. ಅವರು ಇಡಲಿಲ್ಲ.

ನಡೆದದ್ದು ಇಷ್ಟು. ಪರೀಕ್ಷೆಗೆ ಬಳಸುತ್ತಿದ್ದ ಮನುಷ್ಯರ ಸೀರಮ್ಮಿನಲ್ಲಿ ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯದ ಜೊತೆ ಇನ್ನೊಂದು ಪ್ರತಿಕಾಯವೂ ಇತ್ತು. ಸಾಕ್ಷಿ ಇಬ್ಬರು ಕಳ್ಳರನ್ನು ಕಂಡಿದ್ದರು, ಕೇಳಿದವರಿಗೆ ಒಬ್ಬ ಮಾತ್ರ ಗೊತ್ತಿದ್ದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪಾರ್ವೊವೈರಸ್ ಎಂಬ ಅತಿ ಚಿಕ್ಕ ವೈರಸ್‌ಗಳ ಬಳಗದಂಥ ಪುಟ್ಟ ಕಣಗಳು ಕಂಡವು. ಆ ಮಾದರಿ ಇದ್ದದ್ದು ‘ಬಿ’ ಗುಂಪಿನ 19ನೇ ಜಾಗದಲ್ಲಿ. ಅದರಿಂದಲೇ ಆ ವೈರಸ್ಸಿಗೆ ಬಿ19 ಎಂಬ ಹೆಸರು ಉಳಿಯಿತು.

ಆಗ ಅದಕ್ಕೆ ತಕ್ಕ ರೋಗವೇ ಗೊತ್ತಿರಲಿಲ್ಲ. 1981ರಲ್ಲಿ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಹುಟ್ಟು ಕಾಯಿಲೆ, ಇರುವ ಮಕ್ಕಳಲ್ಲಿ ರಕ್ತದ ಉತ್ಪತ್ತಿ ಇದ್ದಕ್ಕಿದ್ದಂತೆ ನಿಲ್ಲಲು ಇದು ಕಾರಣ ಎಂದು ತಿಳಿಯಿತು. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಜನರಲ್ಲೂ ಸಿಕಲ್ ಸೆಲ್ ಇದೆ. ಹಾಗಾಗಿ ಇದು ದೂರದ ಸಂಗತಿಯಲ್ಲ. ಮುಂದೆ, ಮಕ್ಕಳ ಕೆನ್ನೆ ಕೆಂಪಾಗುವ ಒಂದು ಸಾಮಾನ್ಯ ಜ್ವರಕ್ಕೂ ಇದೇ ಕಾರಣ ಎಂದು ಗೊತ್ತಾಯಿತು. ಹೆಚ್ಚಿನವರಿಗೆ ಬಂದದ್ದೂ ತಿಳಿಯುವುದಿಲ್ಲ.

ಗೆರೆ ಮೂಡದ ವೈರಸ್

ಬ್ಲಂಬರ್ಗ್ ಜೊತೆಗಿದ್ದ ಹಾರ್ವಿ ಆಲ್ಟರ್ ಇಷ್ಟಕ್ಕೇ ಬಿಡಲಿಲ್ಲ. ಅವರ ಆಸ್ಪತ್ರೆಯಲ್ಲಿ 1970ಕ್ಕೂ ಮೊದಲು ಹೃದಯದ ಶಸ್ತ್ರಚಿಕಿತ್ಸೆಗೆ ರಕ್ತ ಪಡೆದವರಲ್ಲಿ ಸುಮಾರು ಶೇ 30 ಮಂದಿಗೆ ಹೆಪಟೈಟಿಸ್ ಬರುತ್ತಿತ್ತು. ದುಡ್ಡಿಗೆ ರಕ್ತ ಕೊಡುವವರನ್ನು ಬಿಟ್ಟು ಸ್ವಯಂಪ್ರೇರಿತ ದಾನಿಗಳಿಂದ ಮಾತ್ರ ಪಡೆಯಲು ತೊಡಗಿದರು, ಹೆಪಟೈಟಿಸ್ ಬಿ ಪರೀಕ್ಷೆ ತಂದರು. ಪ್ರಮಾಣ ಶೇ 10ರ ಆಸುಪಾಸಿಗೆ ಇಳಿಯಿತು. ಆದರೆ ಅಲ್ಲೇ ನಿಂತಿತು. ಹೆಪಟೈಟಿಸ್ ಎ ವೈರಸ್ ಕೂಡ ಅಲ್ಲ, ಬಿ ಕೂಡ ಅಲ್ಲ, ಮತ್ತೇನೋ ಇದೆ ಎಂದು 1975ರಲ್ಲಿ ತಿಳಿಯಿತು. ನಮ್ಮ ದೇಶದಲ್ಲಿ ದುಡ್ಡು ಪಡೆದು ರಕ್ತ ಕೊಡುವುದಕ್ಕೆ ನಿಷೇಧ ಬಂದದ್ದು 1998ರ ಜನವರಿ 1ರಿಂದ.

ಈ ಮೂರನೆಯ ವೈರಸ್ ರಕ್ತದಲ್ಲಿ ಬಹಳ ಕಡಿಮೆ ಇರುತ್ತದೆ. ಲೋಳೆಯಲ್ಲಿ ಎಷ್ಟು ಸಲ ಇಟ್ಟರೂ ನಂಬಬಹುದಾದ ಗೆರೆ ಬರಲಿಲ್ಲ. ಅಮೆರಿಕದ ಕೈರಾನ್ ಕಂಪನಿಯಲ್ಲಿ ಮೈಕಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಬೇರೆ ದಾರಿ ಹಿಡಿದರು. ಸೋಂಕಿತ ಚಿಂಪಾಂಜಿಯ ರಕ್ತದಲ್ಲಿದ್ದ ವಂಶವಾಹಿ ತುಣುಕುಗಳನ್ನೆಲ್ಲ ತೆಗೆದು, ಬ್ಯಾಕ್ಟೀರಿಯಾಗಳೊಳಗೆ ಸೇರಿಸಿದರು. ಪ್ರತಿಯೊಂದು ಗುಂಪು ಬ್ಯಾಕ್ಟೀರಿಯಾ ತನಗೆ ಸಿಕ್ಕ ತುಣುಕಿನ ಪ್ರಕಾರ ಒಂದೊಂದು ಪ್ರೋಟೀನು ತಯಾರಿಸುತ್ತದೆ. ಅವುಗಳ ಮೇಲೆ ರೋಗಿಯ ಸೀರಮ್ ಹಾಕಿ, ಪ್ರತಿಕಾಯ ಯಾವುದಕ್ಕೆ ಅಂಟುತ್ತದೆ ಎಂದು ನೋಡಿದರು. ಸುಮಾರು ಹತ್ತು ಲಕ್ಷ ತುಣುಕುಗಳಲ್ಲಿ ಒಂದು ಸಿಕ್ಕಿತು. ಅದು ಚಿಂಪಾಂಜಿಯದೂ ಅಲ್ಲ, ಬ್ಯಾಕ್ಟೀರಿಯಾದ್ದೂ ಅಲ್ಲ, ವೈರಸ್ಸಿನದು. ಆಲ್ಟರ್ ವರ್ಷಗಟ್ಟಲೆ ಕಾಪಾಡಿಟ್ಟಿದ್ದ ಮಾದರಿಗಳನ್ನು ಹೆಸರು ಮರೆಮಾಚಿ ಕಳಿಸಿಕೊಟ್ಟರು. ಹೊಸ ಪರೀಕ್ಷೆ ಸೋಂಕಿತರನ್ನು ಸರಿಯಾಗಿ ಗುರುತಿಸಿತು. 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಪ್ರಕಟವಾಯಿತು, ಮರುವರ್ಷವೇ ರಕ್ತದ ಪರೀಕ್ಷೆ ಬಂತು. ಆಲ್ಟರ್, ಹೌಟನ್ ಮತ್ತು ಇದೇ ವೈರಸ್ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ರೈಸ್ 2020ರ ನೊಬೆಲ್ ಪಡೆದರು.

ವೈರಸ್ ಸಿಕ್ಕಿತು ಅಂದರೆ ರೋಗ ಅಂತಲ್ಲ

ಈಗ ರಕ್ತದಲ್ಲಿರುವ ವಂಶವಾಹಿಯನ್ನೆಲ್ಲ ನೇರವಾಗಿ ಓದುವ ಯಂತ್ರಗಳಿವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8,000ಕ್ಕೂ ಹೆಚ್ಚು ಜನರ ರಕ್ತವನ್ನು ಹೀಗೆ ಓದಿದಾಗ 94 ವೈರಸ್‌ಗಳ ಕುರುಹು ಸಿಕ್ಕಿತು. ಅವುಗಳಲ್ಲಿ ಮನುಷ್ಯರಿಗೆ ಸಂಬಂಧಿಸಿದವು 19 ಮಾತ್ರ. ಉಳಿದವು ಬಹುಪಾಲು ಪ್ರಯೋಗಾಲಯದ ದ್ರಾವಣ, ಪರಿಸರದಿಂದ ಸೇರಿದ ಕಲಬೆರಕೆ. ಪರೀಕ್ಷೆ ಸೂಕ್ಷ್ಮವಾದಷ್ಟೂ ಸುಳ್ಳು ಕುರುಹು ಜಾಸ್ತಿ.

ನಿಜವಾಗಿ ಇದ್ದರೂ ಹೆದರಬೇಕಿಲ್ಲದವು ಇವೆ. 1997ರಲ್ಲಿ ಜಪಾನಿನಲ್ಲಿ ರಕ್ತ ಪಡೆದ ನಂತರ ಹೆಪಟೈಟಿಸ್ ಆದ ಒಬ್ಬರಲ್ಲಿ ಟಿಟಿ ವೈರಸ್ ಸಿಕ್ಕಿತು. ಕಾರಣ ಸಿಕ್ಕಿಬಿಟ್ಟಿತು ಅಂದುಕೊಂಡರು. ಹುಡುಕುತ್ತಾ ಹೋದಂತೆ ಆರೋಗ್ಯವಂತರಲ್ಲೂ ಅದೇ ವೈರಸ್ ಕಂಡಿತು. ಅದರ ಬಳಗ ಹೆಚ್ಚಿನ ಮನುಷ್ಯರ ರಕ್ತದಲ್ಲಿ ತೆಪ್ಪಗೆ ಇರುತ್ತದೆ. ಒಕೊಚಿ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಈ ರಕ್ತ ಪಡೆದವರಿಗೆ ಮುಂದೆ ಏನಾಯಿತು? ಅದಕ್ಕೆ ಉತ್ತರ ಸಿಗುವವರೆಗೆ ಹೊಸ ಆಂಟಿಜೆನ್ ಒಂದು ಸುಳಿವು ಅಷ್ಟೇ.

ನಿಮ್ಮ ಚೀಟಿಯಲ್ಲಿ ‘ರಿಯಾಕ್ಟಿವ್’ ಇದ್ದರೆ

ಬ್ಲಡ್ ಬ್ಯಾಂಕಿನ ಮೊದಲ ಪರೀಕ್ಷೆ ಬೇಕೆಂದೇ ಬಹಳ ಸೂಕ್ಷ್ಮವಾಗಿರುತ್ತದೆ. ಅನುಮಾನವಿದ್ದರೂ ಸಾಕು, ಆ ಚೀಲ ಯಾರಿಗೂ ಹೋಗುವುದಿಲ್ಲ. ಆದ್ದರಿಂದ ರಿಯಾಕ್ಟಿವ್ ಬಂದ ತಕ್ಷಣ ರೋಗ ಖಚಿತವಾದಂತಲ್ಲ. ವೈದ್ಯರನ್ನು ಕಂಡು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಎಚ್‌ಬಿಎಸ್‌ಎಜಿ ಆರು ತಿಂಗಳಾದ ಮೇಲೂ ಇದ್ದರೆ ಸೋಂಕು ದೀರ್ಘಕಾಲದ್ದು ಎಂದು ಲೆಕ್ಕ. ಆಗ ಲಿವರಿನ ಸ್ಥಿತಿಯನ್ನು ಆಗಾಗ ನೋಡುತ್ತಿರಬೇಕು. ಎಲ್ಲರಿಗೂ ಔಷಧ ಬೇಕಾಗುವುದಿಲ್ಲ, ಬೇಕಾದವರಿಗೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ಹೆಪಟೈಟಿಸ್ ಸಿ ಆದರೆ ಹೆಚ್ಚಿನವರಿಗೆ ಕೆಲವು ತಿಂಗಳ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ.

ಮನೆಯವರು ಹೆದರಿ ತಟ್ಟೆ ಲೋಟ ಬೇರೆ ಇಡುವುದುಂಟು. ಅದರ ಅಗತ್ಯವಿಲ್ಲ. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ ಹೆಪಟೈಟಿಸ್ ಬಿ ಹರಡುವುದಿಲ್ಲ. ಅದು ಹರಡುವುದು ರಕ್ತ, ಲೈಂಗಿಕ ಸಂಪರ್ಕ, ಹೆರಿಗೆ ವೇಳೆ ತಾಯಿಯಿಂದ ಮಗುವಿಗೆ. ಬ್ಲೇಡು, ರೇಜರ್, ಹಲ್ಲುಜ್ಜುವ ಬ್ರಷ್ ಮಾತ್ರ ಹಂಚಿಕೊಳ್ಳಬಾರದು. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು.

ಇನ್ನೊಂದು ವಿಷಯ ದಾನಿಗಳಿಗೆ. ಸೋಂಕು ತಗುಲಿದ ಮೊದಲ ಕೆಲವು ವಾರ ಆಂಟಿಜೆನ್ ಪರೀಕ್ಷೆಗೆ ಸಿಗುವಷ್ಟು ಇರುವುದಿಲ್ಲ. ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ನಮ್ಮಲ್ಲಿ ಅದು ಕಡ್ಡಾಯವೂ ಅಲ್ಲ. ಶಿಬಿರದಲ್ಲಿ ಕೊಡುವ ಫಾರಂನಲ್ಲಿ ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದೀರಾ, ಕಾಮಾಲೆ ಆಗಿತ್ತಾ ಎಂದು ಕೇಳುವುದು ಇದಕ್ಕೇ. ಅಲ್ಲಿ ನಿಜ ಬರೆಯುವುದು ಯಂತ್ರಕ್ಕೆ ಸಿಗದದ್ದನ್ನು ಹಿಡಿಯುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಉಚಿತವಾಗಿ ಸಿಗುತ್ತದೆ. ತಾಯಿ ಕಾರ್ಡಿನಲ್ಲಿ ಅದನ್ನು ಬರೆದಿದ್ದಾರಾ ಎಂದು ಮನೆಗೆ ಹೊರಡುವ ಮುಂಚೆ ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ನರ್ಸ್ ಅಕ್ಕನನ್ನು ಕೇಳಿ ಹಾಕಿಸಿ.